ರಾಗಿಯ ಅಕ್ಷರ ಓದುವ ವಿದ್ಯೆ

ಸಾವಿರ ರಾಗಿಕಾಳು ಎಣಿಸಿ ತಕ್ಕಡಿಗೆ ಹಾಕಿ ನೋಡಿ, ಮೂರು ಗ್ರಾಂ ತೂಗುವುದೂ ಕಷ್ಟ. ಇಷ್ಟು ಪುಟ್ಟ ಕಾಳಿನ ಒಂದೊಂದು ಜೀವಕೋಶದೊಳಗೂ ಪ್ರಕೃತಿ ಒಂದು ಮಹಾಗ್ರಂಥವನ್ನೇ ಮಡಿಸಿ ಇಟ್ಟಿದೆ. ಕಾಳು ಮೊಳೆಯುವುದು ಹೇಗೆ, ಮಳೆ ಕೈಕೊಟ್ಟಾಗ ಪೈರು ತಾಳಿಕೊಳ್ಳುವುದು ಹೇಗೆ, ತೆನೆಯಲ್ಲಿ ಕ್ಯಾಲ್ಸಿಯಂ ತುಂಬುವುದು ಹೇಗೆ ಎಂಬ ಸೂಚನೆಗಳೆಲ್ಲ ಅದರಲ್ಲಿವೆ. ಗ್ರಂಥದ ಹೆಸರು ಜೀನೋಮ್. ಅದನ್ನು ಬರೆದಿರುವ ವಸ್ತು ಡಿ.ಎನ್.ಎ. ಆ ಭಾಷೆಗೆ ಇರುವುದು ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ರಾಗಿಯ ಗ್ರಂಥದ ಉದ್ದ ಸುಮಾರು 145 ಕೋಟಿ ಅಕ್ಷರವೆಂದು ಅಂದಾಜು. ಸೆಕೆಂಡಿಗೆ ಒಂದು ಅಕ್ಷರದಂತೆ, ಹಗಲು ರಾತ್ರಿ ಎನ್ನದೆ, ಊಟ ನಿದ್ರೆ ಬಿಟ್ಟು ಓದುತ್ತಾ ಕೂತರೂ ಮುಗಿಸಲು 46 ವರ್ಷ ಬೇಕು.

ಈ ಗ್ರಂಥವನ್ನು ವಿಸ್ತಾರವಾಗಿ ಓದಿ ಜಗತ್ತಿನ ಮುಂದಿಟ್ಟವರಲ್ಲಿ ಮೊದಲಿಗರು ಯಾರು ಗೊತ್ತೇ? ಅಮೆರಿಕದವರೋ ಜಪಾನಿನವರೋ ಎಂದು ಮಕ್ಕಳು ಉತ್ತರ ಕೊಡುವುದುಂಟು. ಸರಿಯುತ್ತರ ಇಲ್ಲೇ ಹೆಬ್ಬಾಳದ ಆಚೆ ಇದೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಜಿ.ಕೆ.ವಿ.ಕೆ. ಆವರಣದಲ್ಲಿ ಡಾ. ಶೈಲಜಾ ಹಿತ್ತಲಮನಿ ಅವರ ನೇತೃತ್ವದ ತಂಡ 2017ರಲ್ಲಿ ಈ ಕೆಲಸವನ್ನು ಪ್ರಕಟಿಸಿತು. ಓದಲು ಆರಿಸಿಕೊಂಡದ್ದು ನಮ್ಮ ರೈತರಿಗೆ ಪರಿಚಿತವಾದ ಎಂ.ಎಲ್. 365 ತಳಿ.

ಹಾಗಾದರೆ 46 ವರ್ಷದ ಓದನ್ನು ಮುಗಿಸಿದ್ದು ಹೇಗೆ? ಜೀವಶಾಸ್ತ್ರದ ಜೊತೆಗೆ ಗಣಿತ ಮತ್ತು ಕಂಪ್ಯೂಟರ್ ಸೇರಿದ್ದರಿಂದ. ಈ ಮೂರೂ ಕೂಡುವ ಜಾಗದಲ್ಲಿ ಬೆಳೆದಿರುವ ವಿದ್ಯೆಯೇ ಕಂಪ್ಯುಟೇಷನಲ್ ಜೀನೋಮಿಕ್ಸ್. ಹೆಸರು ಉದ್ದ, ಹಾದಿಯೂ ಉದ್ದ. ಎಸ್.ಎಸ್.ಎಲ್.ಸಿ. ಮುಗಿಸಿದ ಮಕ್ಕಳೂ ಅವರ ತಂದೆತಾಯಿಯರೂ ಈ ಹಾದಿಯ ಮೊದಲ ಕವಲಿನಲ್ಲೇ ನಿಂತಿರುತ್ತಾರೆ. ಆದ್ದರಿಂದ ಈ ವಾರ ಆ ಹಾದಿಯ ವಿಷಯವನ್ನೇ ಮಾತಾಡೋಣ.

ಚೂರುಗಳ ಜೋಡಣೆ

ಡಿ.ಎನ್.ಎ. ಓದುವ ಯಂತ್ರಗಳಿವೆ. ಆದರೆ ಅವು ಗ್ರಂಥವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ಉಸಿರಿಗೆ ಓದಲಾರವು. ಹೆಚ್ಚು ಬಳಕೆಯಲ್ಲಿರುವ ಒಂದು ಬಗೆಯ ಯಂತ್ರ ಸಲಕ್ಕೆ ಸುಮಾರು 150 ಅಕ್ಷರ ಮಾತ್ರ ಓದುತ್ತದೆ. ಹಾಗಾಗಿ ಡಿ.ಎನ್.ಎ.ಯನ್ನು ಮೊದಲು ಚೂರುಚೂರು ಮಾಡಿ, ಕೋಟಿಗಟ್ಟಲೆ ಚೂರುಗಳನ್ನು ಒಟ್ಟಿಗೇ ಓದಿಸುತ್ತಾರೆ. ಒಂದೊಂದು ಅಕ್ಷರವೂ ಸರಾಸರಿ ಮೂವತ್ತು ಸಲ ಓದಿಗೆ ಸಿಕ್ಕಬೇಕು ಎಂದುಕೊಂಡರೆ, ರಾಗಿಗೆ ಎಷ್ಟು ಚೂರು ಬೇಕು? ಮಕ್ಕಳೇ, ಲೆಕ್ಕ ಹಾಕಿ: 145 ಕೋಟಿಯನ್ನು 30ರಿಂದ ಗುಣಿಸಿ, 150ರಿಂದ ಭಾಗಿಸಿ. ಉತ್ತರ 29 ಕೋಟಿ.

29 ಕೋಟಿ ಚೂರುಗಳು ಕೈಯಲ್ಲಿವೆ, ಯಾವುದು ಯಾವುದರ ಮುಂದೆ ಎಂಬುದು ಮಾತ್ರ ತಿಳಿಯದು. ಇಲ್ಲಿಂದ ಕಂಪ್ಯೂಟರಿನ ಕೆಲಸ ಶುರು. ಅದು ಹೇಗೆಂದು ನಮ್ಮ ಒಂದು ಗಾದೆಯಿಂದಲೇ ನೋಡಬಹುದು. 'ರಾಗಿ ತಿಂದವ ನಿರೋಗಿ' ಎಂಬುದನ್ನು ಜಾಗ ಬಿಡದೆ ಬರೆದು, ನಾಲ್ಕು ನಾಲ್ಕು ಅಕ್ಷರದ ಮೂರು ಚೂರುಗಳನ್ನು ತೆಗೆದುಕೊಳ್ಳಿ: 'ವನಿರೋಗಿ', 'ರಾಗಿತಿಂದ', 'ತಿಂದವನಿ'. ಒಂದು ಚೂರಿನ ಬಾಲ ಇನ್ನೊಂದರ ತಲೆಯೊಡನೆ ಹೊಂದುತ್ತದೆಯೇ ನೋಡಿ. 'ರಾಗಿತಿಂದ' ಎಂಬುದರ ಬಾಲ 'ತಿಂದ', ಅದೇ 'ತಿಂದವನಿ' ಎಂಬುದರ ತಲೆ. ಅದರ ಬಾಲ 'ವನಿ', ಅದೇ 'ವನಿರೋಗಿ' ಎಂಬುದರ ತಲೆ. ಗಾದೆ ಮತ್ತೆ ಸಿಕ್ಕಿತು.

ಈಗ ಅದೇ ಗಾದೆಯನ್ನು ಎರಡೆರಡು ಅಕ್ಷರದ ಚೂರುಗಳಾಗಿ ಮಾಡಿ: ರಾಗಿ, ಗಿತಿಂ, ತಿಂದ, ದವ, ವನಿ, ನಿರೋ, ರೋಗಿ. ಜೋಡಿಸುತ್ತಾ ಹೋಗಿ. 'ರೋಗಿ'ಗೆ ಬಂದಾಗ ತೊಡಕು ಎದುರಾಗುತ್ತದೆ. ಅದರ ಬಾಲ 'ಗಿ'. 'ಗಿತಿಂ' ಎಂಬ ಚೂರಿನ ತಲೆಯೂ 'ಗಿ'. ಇಲ್ಲಿ ನಿಲ್ಲಬೇಕೋ, ಮತ್ತೆ 'ತಿಂದವ'ದ ಕಡೆಗೆ ತಿರುಗಬೇಕೋ? ತಿಳಿಯದ ಕಂಪ್ಯೂಟರ್ 'ರಾಗಿ ತಿಂದವ ನಿರೋಗಿ ತಿಂದವ ನಿರೋಗಿ ತಿಂದವ' ಎಂದು ಗಾಣದೆತ್ತಿನಂತೆ ಸುತ್ತುತ್ತಲೇ ಇರಬಹುದು. ಒಂದೇ ಅಕ್ಷರಗುಚ್ಛ ಎರಡು ಕಡೆ ಬಂದರೆ ಜೋಡಣೆ ದಾರಿ ತಪ್ಪುತ್ತದೆ. ಚೂರು ಉದ್ದವಾದಷ್ಟೂ ಗೊಂದಲ ಕಡಿಮೆ. ಈ ಒಂದು ಮಾತನ್ನು ನೆನಪಿಡಿ. ಜೀನೋಮ್ ಜೋಡಣೆಯ ಕಷ್ಟವೆಲ್ಲ ಇದರಲ್ಲೇ ಅಡಗಿದೆ.

ಒಂದೇ ಕಾಳಿನಲ್ಲಿ ಎರಡು ವಂಶ

ರಾಗಿಯ ವಿಷಯದಲ್ಲಿ ಈ ಕಷ್ಟ ಇಮ್ಮಡಿ. ರಾಗಿಯ ಜೀವಕೋಶದಲ್ಲಿ 36 ವರ್ಣತಂತುಗಳಿವೆ. ಬಹಳ ಹಿಂದೆ ಆಫ್ರಿಕಾದಲ್ಲಿ ಎರಡು ಬೇರೆ ಬೇರೆ ಹುಲ್ಲುಗಳ ಜೀನೋಮ್‌ಗಳು ಒಂದೇ ಗಿಡದಲ್ಲಿ ಕೂಡಿಕೊಂಡವು. ವಿಜ್ಞಾನಿಗಳು ಅವನ್ನು ಎ ಮತ್ತು ಬಿ ಎಂದು ಕರೆಯುತ್ತಾರೆ. ಎ ಭಾಗ ಎಲ್ಯುಸಿನ್ ಇಂಡಿಕಾ ಎಂಬ ಹುಲ್ಲಿಗೆ ಹತ್ತಿರದ್ದು. ನಮ್ಮ ರಾಗಿ ಹೊಲಗಳಲ್ಲಿ ರಾಗಿಯಂತೆಯೇ ಕಾಣುತ್ತಾ ಬೆಳೆದು, ಕಳೆ ಕೀಳುವವರ ಕಣ್ಣಿಗೆ ಮಣ್ಣೆರಚುವ ಹುಲ್ಲು ಅದು. ಬಿ ಭಾಗ ಯಾವ ಹುಲ್ಲಿನಿಂದ ಬಂತು ಎಂಬುದು ಇನ್ನೂ ಖಚಿತವಾಗಿಲ್ಲ.

ಒಂದೇ ಸುದ್ದಿಯನ್ನು ಎರಡು ಪತ್ರಿಕೆಗಳು ಸ್ವಲ್ಪ ಸ್ವಲ್ಪ ಬೇರೆ ಮಾತುಗಳಲ್ಲಿ ಅಚ್ಚು ಹಾಕಿವೆ ಎಂದುಕೊಳ್ಳಿ. ಎರಡನ್ನೂ ಚೂರುಚೂರು ಹರಿದು ಒಂದೇ ಮಂಕರಿಗೆ ಸುರಿದರೆ, ಯಾವ ಚೂರು ಯಾವ ಪತ್ರಿಕೆಯದೆಂದು ಹೇಳುವುದು ಹೇಗೆ? ರಾಗಿಯ ಎ ಮತ್ತು ಬಿ ಭಾಗಗಳನ್ನು ಬೇರ್ಪಡಿಸುವ ಕಷ್ಟ ಇಂಥದು. ಸಾಲದ್ದಕ್ಕೆ ರಾಗಿಯ ಗ್ರಂಥದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಭಾಗ ಹೇಳಿದ್ದನ್ನೇ ಹೇಳುವ ಪುನರುಕ್ತಿ. ಹೀಗಿದ್ದರೂ ಜಿ.ಕೆ.ವಿ.ಕೆ. ತಂಡ 119 ಕೋಟಿ 60 ಲಕ್ಷ ಅಕ್ಷರಗಳನ್ನು ಜೋಡಿಸಿತು. ಇದು ಅಂದಾಜು ಉದ್ದದ ಶೇಕಡಾ 82ರಷ್ಟು. ಅದರಲ್ಲಿ 85,243 ವಂಶವಾಹಿಗಳನ್ನು, ಎಂದರೆ ಜೀನ್‌ಗಳನ್ನು, ಗುರುತಿಸಿದರು. ಮನುಷ್ಯನಲ್ಲಿ ಪ್ರೊಟೀನಿಗೆ ಸೂಚನೆ ಕೊಡುವ ಜೀನ್‌ಗಳು ಸುಮಾರು 20,000 ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ತಿನ್ನುವವನಿಗಿಂತ ಮುದ್ದೆಯಲ್ಲಿ ಜೀನ್ ಹೆಚ್ಚು!

ಇದರಿಂದ ರೈತನಿಗೇನು ಪ್ರಯೋಜನ? ತಂಡದವರು ನೀರಿನ ಕೊರತೆ ಅನುಭವಿಸಿದ ಗಿಡ ಮತ್ತು ಅನುಭವಿಸದ ಗಿಡ ಇವೆರಡರಲ್ಲೂ ಯಾವ ಯಾವ ಜೀನ್‌ಗಳು ಎಚ್ಚರಗೊಂಡಿವೆ ಎಂದು ಹೋಲಿಸಿದರು. ಬರ ತಾಳುವ ಗುಣಕ್ಕೆ ಕಾರಣವಾಗಿರಬಹುದಾದ ಜೀನ್‌ಗಳ ಪಟ್ಟಿ ಹೀಗೆ ಸಿಕ್ಕಿತು. ರೋಗ ತಡೆಯುವ ಜೀನ್‌ಗಳ ಗುರುತೂ ಸಿಕ್ಕಿತು. ಬೆಂಕಿ ರೋಗ ಬಿದ್ದು ತೆನೆ ಜೊಳ್ಳಾದುದನ್ನು ಕಂಡವರಿಗೆ ಅದರ ಬೆಲೆ ಗೊತ್ತು. ಇನ್ನು ಕ್ಯಾಲ್ಸಿಯಂ: ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಅಕ್ಕಿ ಗೋಧಿಗಳು ಇದರ ಹತ್ತಿರಕ್ಕೂ ಬರುವುದಿಲ್ಲ. ಕ್ಯಾಲ್ಸಿಯಂ ಸಾಗಿಸುವ, ಶೇಖರಿಸುವ ಕೆಲಸಕ್ಕೆ ಸಂಬಂಧಿಸಿದ ಮುನ್ನೂರಕ್ಕೂ ಹೆಚ್ಚು ಜೀನ್‌ಗಳು ಪತ್ತೆಯಾದವು. ಮುಂದೆ ಹೊಸ ತಳಿ ಬೆಳೆಸುವವರು ಕತ್ತಲಲ್ಲಿ ತಡಕಾಡುವ ಬದಲು ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹೊರಡಬಹುದು.

ಹೊಲದಲ್ಲಿ ನಿಂತವರು, ಪರದೆ ನೋಡಬಲ್ಲವರು

ಹಿಂದಿನ ತಲೆಮಾರಿನಲ್ಲಿ ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್' ಸೇರಿ ಆ ಹೆಸರು. ರಾಗಿಯ ಹೂ ಕಣ್ಣಿಗೆ ಕಾಣದಷ್ಟು ಚಿಕ್ಕದು, ತನ್ನ ಪರಾಗವನ್ನು ತಾನೇ ತೆಗೆದುಕೊಳ್ಳುವಂಥದು. ಅಂಥ ಹೂವಿನಲ್ಲಿ ಸಂಕರ ಮಾಡುವುದಕ್ಕೆ ಎಂಥ ತಾಳ್ಮೆ ಬೇಕೆಂದು ಊಹಿಸಿಕೊಳ್ಳಿ. ಅವರಿಗೆ ಜೀನೋಮ್ ಕಾಣುತ್ತಿರಲಿಲ್ಲ, ಪೈರು ಕಾಣುತ್ತಿತ್ತು. ಅದನ್ನು ನೋಡಿಯೇ ಆರಿಸಿದರು.

ಹಿತ್ತಲಮನಿ ಅವರೂ ಮೊದಲು ತಳಿವಿಜ್ಞಾನಿಯೇ. ಡಿ.ಎನ್.ಎ. ಗುರುತುಗಳ ಸಹಾಯದಿಂದ ಗಿಡಗಳನ್ನು ಆರಿಸುವ ಪ್ರಯೋಗಾಲಯವನ್ನು ಜಿ.ಕೆ.ವಿ.ಕೆ.ಯಲ್ಲಿ ಬೆಳೆಸಿದವರು. ಕೆಸರುಗದ್ದೆ ಇಲ್ಲದೆ ಕಡಿಮೆ ನೀರಿನಲ್ಲಿ ಬೆಳೆಯುವ ಏರೋಬಿಕ್ ಭತ್ತದ ತಳಿಗಳ ಕೆಲಸವೂ ಅಲ್ಲಿ ನಡೆಯಿತು. ಅಂಥ ಪ್ರಯೋಗಾಲಯಕ್ಕೆ ಇಂದು ಪಿಎಚ್.ಡಿ.ಗೆ ಸೇರುವ ವಿದ್ಯಾರ್ಥಿ ಏನು ಮಾಡಬೇಕಾಗುತ್ತದೆ? ಬೆಳಿಗ್ಗೆ ಗಿಡಕ್ಕೆ ನೀರು ನಿಲ್ಲಿಸಿ ಎಲೆ ಬಾಡುವುದನ್ನು ಗಮನಿಸಬೇಕು. ಮಧ್ಯಾಹ್ನ ಆ ಎಲೆಯಿಂದ ಡಿ.ಎನ್.ಎ., ಆರ್.ಎನ್.ಎ. ತೆಗೆಯಬೇಕು. ಸಂಜೆ ಕಂಪ್ಯೂಟರ್ ಮುಂದೆ ಕೂತು, ಯಂತ್ರ ಕೊಟ್ಟ ಕೋಟಿಗಟ್ಟಲೆ ಸಾಲುಗಳಲ್ಲಿ ಯಾವುದು ನಿಜ, ಯಾವುದು ಯಂತ್ರದ ತಪ್ಪು ಎಂದು ಸಂಖ್ಯಾಶಾಸ್ತ್ರದಿಂದ ಬಿಡಿಸಬೇಕು. ಪರದೆಯ ಮೇಲೆ 'ಈ ಜೀನ್ ಬರಕ್ಕೆ ಸ್ಪಂದಿಸಿದೆ' ಎಂದು ಬಂದಾಗ, ಅದು ಬರದಿಂದಲೋ, ಆ ದಿನ ಗಿಡಕ್ಕೆ ಹುಳು ಬಿದ್ದುದರಿಂದಲೋ ಎಂಬ ಅನುಮಾನ ಹುಟ್ಟುವುದು ಹೊಲದಲ್ಲಿ ನಿಂತ ಅನುಭವ ಇರುವವರಿಗೆ. ರೈತರ ಮಕ್ಕಳಿಗೆ ಈ ವಿದ್ಯೆಯಲ್ಲಿ ಹುಟ್ಟಿನಿಂದಲೇ ಬಂದ ಒಂದು ಬಂಡವಾಳವಿದೆ ಎಂದು ನಾನು ಹೇಳುವುದು ಇದಕ್ಕೇ.

ಒಂದು ವಿಷಯದಿಂದ ಇನ್ನೊಂದಕ್ಕೆ ದಾಟಿದವರೇ ಈ ವಿದ್ಯೆಯನ್ನು ಕಟ್ಟಿದ್ದಾರೆ. ಅಮೆರಿಕದ ಮಾರ್ಗರೆಟ್ ಡೇಹಾಫ್ 1948ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದದ್ದು ರಸಾಯನ ವಿಜ್ಞಾನದಲ್ಲಿ. ತೂತು ಹೊಡೆದ ರಟ್ಟಿನ ಕಾರ್ಡುಗಳಿಂದ ನಡೆಯುತ್ತಿದ್ದ ಅಂದಿನ ಲೆಕ್ಕದ ಯಂತ್ರಗಳನ್ನು ಆಕೆ ಬಳಸಿದರು. 1965ರಲ್ಲಿ ಅವರೂ ಸಂಗಡಿಗರೂ ಅದುವರೆಗೆ ತಿಳಿದಿದ್ದ ಪ್ರೊಟೀನುಗಳ ಅಕ್ಷರಮಾಲೆಗಳನ್ನೆಲ್ಲ ಒಂದು ಪುಸ್ತಕದಲ್ಲಿ ಕೂಡಿಸಿದರು. ಇಂದಿನ ಅಪಾರ ದತ್ತಾಂಶ ಭಂಡಾರಗಳಿಗೆ ಅದೇ ಅಡಿಗಲ್ಲು. ನಮ್ಮ ಬೆಂಗಳೂರಿನವರೇ ಆದ ಸರಸ್ವತಿ ವಿಶ್ವೇಶ್ವರ ಅವರು ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ಓದಿದ್ದು ಜೀವರಸಾಯನ ವಿಜ್ಞಾನ. ಮುಂದೆ ನ್ಯೂಯಾರ್ಕಿನಲ್ಲಿ ಡಾಕ್ಟರೇಟ್ ಮಾಡಿದ್ದು ಕ್ವಾಂಟಂ ರಸಾಯನ ವಿಜ್ಞಾನದಲ್ಲಿ. ಅನಂತರ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಪ್ರೊಟೀನುಗಳ ರಚನೆಯನ್ನು ಗಣಿತದ ಜಾಲಗಳಾಗಿ ಕಾಣುವ ಸಂಶೋಧನೆಯಲ್ಲಿ ಹೆಸರಾದರು. ಎರಡು ಊರಿನ ಭಾಷೆ ಬಲ್ಲವನು ಸಂತೆಯಲ್ಲಿ ಸೋಲುವುದಿಲ್ಲ.

ಇನ್ನೂ ಹತ್ತಿರದ ಮಾತು ಬೇಕೇ? ಸಮೇತನಹಳ್ಳಿಯಿಂದ ನಿತ್ಯ ಎಷ್ಟೋ ಮಂದಿ ವೈಟ್‌ಫೀಲ್ಡ್‌ಗೆ ಕೆಲಸಕ್ಕೆ ಹೋಗಿಬರುತ್ತಾರೆ. ಅಲ್ಲಿನ ಐ.ಟಿ.ಪಿ.ಎಲ್. ಎಂದರೆ ಸಾಫ್ಟ್‌ವೇರ್ ಎಂದೇ ನಮ್ಮ ತಿಳಿವಳಿಕೆ. ಅದೇ ಆವರಣದಲ್ಲಿ 2002ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಎಂಬ ಸಂಶೋಧನಾ ಸಂಸ್ಥೆ ಆರಂಭವಾಯಿತು. ಅಲ್ಲಿನ ತರುಣ ತರುಣಿಯರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದವರೊಡನೆ ಸೇರಿ ಮಾನವ ದೇಹದ ಪ್ರೊಟೀನುಗಳ ಕರಡು ನಕ್ಷೆಯನ್ನು ತಯಾರಿಸಿದರು. 17,294 ಜೀನ್‌ಗಳಿಂದ ಹುಟ್ಟುವ ಪ್ರೊಟೀನುಗಳನ್ನು ಗುರುತಿಸಿದ ಆ ಕೆಲಸ 2014ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ನಮ್ಮೂರಿನ ಬಸ್ಸು ಮುಟ್ಟುವ ದೂರದಲ್ಲಿ ಜಗತ್ತೇ ತಿರುಗಿ ನೋಡುವ ಕೆಲಸ ನಡೆದಿದೆ ಎಂಬುದು ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ಮೊದಲ ಕವಲು: ಬಿ ಬೇಕೋ, ಸಿ ಬೇಕೋ?

ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮೇಲೆ ಶಿಕ್ಷಕರನ್ನು ಹುಡುಕಿಕೊಂಡು ತಂದೆತಾಯಿಯರು ಬರುತ್ತಾರೆ. 'ಮೇಷ್ಟ್ರೇ, ಪಿ.ಸಿ.ಎಂ.ಬಿ. ಕೊಡಿಸೋದೋ, ಪಿ.ಸಿ.ಎಂ.ಸಿ. ಕೊಡಿಸೋದೋ? ಡಾಕ್ಟರ್ ಸೀಟಂತೂ ನಮ್ಮ ಕೈಗೆ ಎಟುಕಲ್ಲ. ಬಯಾಲಜಿ ಯಾಕೆ ಸುಮ್ನೆ? ಕಂಪ್ಯೂಟರ್ ತಗೊಂಡ್ರೆ ಇಲ್ಲೇ ಎಲ್ಲಾದ್ರೂ ಕೆಲಸ ಆಗುತ್ತೆ' ಎನ್ನುತ್ತಾರೆ. ಈ ಮಾತಿನಲ್ಲಿ ತಪ್ಪೇನೂ ಇಲ್ಲ, ಸಂಸಾರದ ಲೆಕ್ಕ ಅವರದು. ಆದರೆ ಲೆಕ್ಕದಲ್ಲಿ ಒಂದು ಅಂಕಿ ಬಿಟ್ಟುಹೋಗಿದೆ.

ಜೀವಶಾಸ್ತ್ರ ಬಿಟ್ಟು ಕಂಪ್ಯೂಟರ್ ವಿಜ್ಞಾನ ತೆಗೆದುಕೊಂಡ ವಿದ್ಯಾರ್ಥಿಗೆ ಬಿ.ಎಸ್ಸಿ. ಕೃಷಿ ಪದವಿಯ ಬಾಗಿಲು ಮುಚ್ಚಿತು. ಪಶುವೈದ್ಯಕೀಯದ ಬಾಗಿಲೂ ಮುಚ್ಚಿತು. ಪಿ.ಸಿ.ಎಂ.ಬಿ. ಓದಿದವರಿಗೆ ಮಾತ್ರ ಆ ಬಾಗಿಲುಗಳೂ ತೆರೆದಿರುತ್ತವೆ, ಕಂಪ್ಯೂಟರ್ ಎಂಜಿನಿಯರಿಂಗಿನ ಬಾಗಿಲೂ ತೆರೆದಿರುತ್ತದೆ. ಏಕೆಂದರೆ ಎಂಜಿನಿಯರಿಂಗಿಗೆ ಮುಖ್ಯವಾಗಿ ಬೇಕಾದ ಭೌತಶಾಸ್ತ್ರ, ಗಣಿತ ಎರಡೂ ಅವರ ಕೈಯಲ್ಲಿವೆ. ಪ್ರೋಗ್ರಾಂ ಬರೆಯುವುದನ್ನು ಹದಿನೆಂಟಕ್ಕೂ ಕಲಿಯಬಹುದು, ಇಪ್ಪತ್ತೆರಡಕ್ಕೂ ಕಲಿಯಬಹುದು. ಬಿಟ್ಟ ಗಣಿತವನ್ನೂ ಬಿಟ್ಟ ಜೀವಶಾಸ್ತ್ರವನ್ನೂ ಇಪ್ಪತ್ತೆರಡಕ್ಕೆ ಮತ್ತೆ ಹಿಡಿಯುವವರು ಬಹಳ ಕಡಿಮೆ. ಆದ್ದರಿಂದ ಎರಡರಲ್ಲೂ ಆಸಕ್ತಿ ಇರುವ ಮಗುವಿಗೆ ನನ್ನ ಸಲಹೆ: ಪಿ.ಸಿ.ಎಂ.ಬಿ. ತೆಗೆದುಕೊಳ್ಳಲಿ, ಕಂಪ್ಯೂಟರನ್ನು ಹೊರಗೆ ಕಲಿಯಲಿ.

ಇದರಲ್ಲಿ ಇನ್ನೊಂದು ಎಚ್ಚರಿಕೆ ಇದೆ. ಪಿ.ಸಿ.ಎಂ.ಬಿ. ಓದುವ ಎಷ್ಟೋ ಮಕ್ಕಳು ವೈದ್ಯಕೀಯ ಪ್ರವೇಶ ಪರೀಕ್ಷೆಯ ಗುಂಗಿನಲ್ಲಿ ಗಣಿತವನ್ನು ಪಾಸಾಗುವಷ್ಟಕ್ಕೆ ಮಾತ್ರ ಓದುತ್ತಾರೆ. ಸಂಭಾವ್ಯತೆ, ಘಾತ ಮತ್ತು ಲಾಗರಿದಮ್, ಮ್ಯಾಟ್ರಿಕ್ಸ್ ಈ ಮೂರು ಅಧ್ಯಾಯಗಳನ್ನಾದರೂ ಮನಸ್ಸಿಟ್ಟು ಕಲಿಯಿರಿ ಮಕ್ಕಳೇ. ಮುಂದೆ ಜೀನೋಮ್ ಓದುವಾಗ ದಿನವೂ ಇವೇ ಎದುರಾಗುತ್ತವೆ. ಜೀವಶಾಸ್ತ್ರವನ್ನು ಗಣಿತದಿಂದ ತಪ್ಪಿಸಿಕೊಳ್ಳುವ ಜಾಗ ಎಂದು ತಿಳಿಯುವ ಕಾಲ ಮುಗಿದಿದೆ.

ಹಾದಿಯ ಉದ್ದ, ಖರ್ಚು, ಆದಾಯ

ಒಬ್ಬ ಹುಡುಗಿ ಪಿ.ಯು.ಸಿ. ಮುಗಿಸಿ ಈ ಹಾದಿ ಹಿಡಿದಳು ಎಂದು ಊಹಿಸಿಕೊಳ್ಳೋಣ. ಸಿ.ಇ.ಟಿ. ಮೂಲಕ ಕೃಷಿ ಪದವಿಗೆ ಸೇರುತ್ತಾಳೆ. ಕೃಷಿಕರ ಮಕ್ಕಳಿಗೆ ಅಲ್ಲಿ ಮೀಸಲು ಸೀಟುಗಳಿವೆ. ಅದಕ್ಕಾಗಿ ಬೀಜ, ಸಲಕರಣೆಗಳನ್ನು ಗುರುತಿಸುವಂಥ ಪ್ರಾಯೋಗಿಕ ಪರೀಕ್ಷೆಯೂ ಇದೆ, ಹೊಲದಲ್ಲಿ ದುಡಿದ ಮಕ್ಕಳು ಅದಕ್ಕೆ ಹೆದರಬೇಕಿಲ್ಲ. ಪದವಿಗೆ ನಾಲ್ಕು ವರ್ಷ. ಐ.ಸಿ.ಎ.ಆರ್.ನ ಅಖಿಲ ಭಾರತ ಪರೀಕ್ಷೆ ಬರೆದು ತಳಿವಿಜ್ಞಾನ ಅಥವಾ ಜೈವಿಕ ತಂತ್ರಜ್ಞಾನದಲ್ಲಿ ಎಂ.ಎಸ್ಸಿ. ಮಾಡಲು ಎರಡು ವರ್ಷ. ಪಿಎಚ್.ಡಿ.ಗೆ ನಾಲ್ಕೈದು ವರ್ಷ. ಒಟ್ಟು ಹತ್ತು ಹನ್ನೊಂದು ವರ್ಷ. ಮುಗಿಯುವಾಗ ಆಕೆಗೆ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ ಆಗಿರುತ್ತದೆ.

ಇದೊಂದೇ ದಾರಿ ಎಂದಲ್ಲ. ಸಾಮಾನ್ಯ ಬಿ.ಎಸ್ಸಿ. ಮಾಡಿ, ಜಾಮ್ ಪರೀಕ್ಷೆಯ ಮೂಲಕ ಐ.ಐ.ಟಿ.ಯಂಥ ಕಡೆ ಎಂ.ಎಸ್ಸಿ.ಗೆ ಹೋಗಬಹುದು. ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ಐಬ್ಯಾಬ್ ಎಂಬ ಸಂಸ್ಥೆ ಈ ವಿದ್ಯೆಗೆಂದೇ ಹುಟ್ಟಿಕೊಂಡದ್ದು. ಕಂಪ್ಯೂಟರ್ ಎಂಜಿನಿಯರಿಂಗ್ ಓದಿದವರೂ ಗೇಟ್ ಪರೀಕ್ಷೆ ಬರೆದು ಸಂಶೋಧನೆಗೆ ಬರಬಹುದು. ಜಿ.ಕೆ.ವಿ.ಕೆ. ಆವರಣದಲ್ಲೇ ಇರುವ ಎನ್.ಸಿ.ಬಿ.ಎಸ್., ಮಲ್ಲೇಶ್ವರದ ಆಚೆಯ ಭಾರತೀಯ ವಿಜ್ಞಾನ ಸಂಸ್ಥೆ, ಎರಡೂ ಕಡೆ ಇಂಥ ವಿದ್ಯಾರ್ಥಿಗಳಿದ್ದಾರೆ. ಯಾವ ಕಡೆಯಿಂದ ಬಂದರೂ ಹಾದಿ ಮಾತ್ರ ಇಷ್ಟೇ ಉದ್ದ.

ಹಣದ ವಿಷಯ ಮುಚ್ಚಿಡುವುದು ಸರಿಯಲ್ಲ. ಪಿಎಚ್.ಡಿ. ಎಂದರೆ ಅಪ್ಪ ಅಮ್ಮ ಶುಲ್ಕ ಕಟ್ಟುತ್ತಲೇ ಇರಬೇಕು ಎಂಬ ಭಯ ಎಷ್ಟೋ ಮನೆಗಳಲ್ಲಿದೆ. ಸಿ.ಎಸ್.ಐ.ಆರ್.-ಯು.ಜಿ.ಸಿ. ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ಫೆಲೋಷಿಪ್ ಗಳಿಸಿದವರಿಗೆ 2023ರ ಜನವರಿಯಿಂದ ನಿಗದಿಯಾದ ದರದಂತೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000 ರೂಪಾಯಿ ಸಿಗುತ್ತದೆ. ಮನೆ ಬಾಡಿಗೆ ಭತ್ಯೆ ಬೇರೆ. ಮನೆಗೆ ಭಾರವಾಗದೆ ಓದು ಮುಗಿಸಲು ಇದು ಸಾಕು. ಆದರೆ ಅದೇ ವಯಸ್ಸಿನ ಗೆಳತಿ ವೈಟ್‌ಫೀಲ್ಡ್‌ನ ಕಂಪನಿಯಲ್ಲಿ ಇದಕ್ಕಿಂತ ಹೆಚ್ಚು ತರುತ್ತಿರಬಹುದು. ಫೆಲೋಷಿಪ್ ಎಲ್ಲರಿಗೂ ಸಿಗುವುದಿಲ್ಲ, ಹಣ ಕೆಲವೊಮ್ಮೆ ತಡವಾಗಿಯೂ ಬರುತ್ತದೆ. ಸೇರಿದವರೆಲ್ಲ ಮುಗಿಸುವುದೂ ಇಲ್ಲ. ಮುಗಿಸಿದ ಮೇಲೆ ಖಾಯಂ ಹುದ್ದೆಗೆ ಮುನ್ನ ಮತ್ತೆರಡು ಮೂರು ವರ್ಷ ಪರವೂರಿನಲ್ಲೋ ಪರದೇಶದಲ್ಲೋ ತಾತ್ಕಾಲಿಕ ಸಂಶೋಧಕರಾಗಿ ದುಡಿಯುವವರೇ ಹೆಚ್ಚು. ಇವೆಲ್ಲ ಮೊದಲೇ ತಿಳಿದಿದ್ದರೆ ನಡುದಾರಿಯಲ್ಲಿ ನಿರಾಸೆಯಿಲ್ಲ.

ಇನ್ನೊಂದು ಪ್ರಶ್ನೆಯನ್ನು ಹೆಣ್ಣುಮಕ್ಕಳ ಮನೆಯವರು ಬಾಯಿಬಿಟ್ಟು ಕೇಳುವುದಿಲ್ಲ, ನಾನೇ ಕೇಳಿಬಿಡುತ್ತೇನೆ. 'ಇಪ್ಪತ್ತೊಂಬತ್ತರವರೆಗೆ ಓದುತ್ತಾ ಕೂತರೆ ಮದುವೆ ಯಾವಾಗ?' ಸಂಶೋಧನೆ ಮಾಡುವವರು ಮದುವೆಯಾಗಬಾರದೆಂಬ ನಿಯಮ ಎಲ್ಲೂ ಇಲ್ಲ. ಆದರೆ ಎಂ.ಎಸ್ಸಿ. ಮುಗಿದ ಕೂಡಲೇ 'ಇಷ್ಟು ಸಾಕು' ಎಂದು ನಿಲ್ಲಿಸಿದ ಎಷ್ಟು ಹೆಣ್ಣುಮಕ್ಕಳ ಓದು ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಅರ್ಧಕ್ಕೆ ನಿಂತಿದೆ ಎಂದು ಲೆಕ್ಕ ಹಾಕಿದರೆ ಮನಸ್ಸು ಭಾರವಾಗುತ್ತದೆ. ಗಂಡುಹುಡುಗನಿಗೆ ಕೊಡುವ ಐದು ವರ್ಷದ ವಾಯಿದೆಯನ್ನು ಹುಡುಗಿಗೂ ಕೊಡಿ ಎಂಬುದಷ್ಟೇ ನನ್ನ ಕೋರಿಕೆ.

ದುಡುಕು ಬೇಡ, ಹಿಂಜರಿಕೆಯೂ ಬೇಡ

ಹೊಸ ವಿದ್ಯೆಯ ಹೆಸರು ಬಾಯಿಗೆ ಬಿದ್ದೊಡನೆ ಅದರ ಹೆಸರಲ್ಲಿ ಅಂಗಡಿ ತೆರೆಯುವವರೂ ಹುಟ್ಟಿಕೊಳ್ಳುತ್ತಾರೆ. ಮಾನವ ಜೀನೋಮ್ ಯೋಜನೆ 1990ರಲ್ಲಿ ಆರಂಭವಾಗಿ 2003ರಲ್ಲಿ ಮುಕ್ತಾಯ ಘೋಷಿಸಿದ ಆ ದಿನಗಳಲ್ಲಿ, ಆರು ತಿಂಗಳಲ್ಲಿ ಬಯೋಇನ್‌ಫರ್ಮ್ಯಾಟಿಕ್ಸ್ ಕಲಿಸಿ ಕೆಲಸ ಕೊಡಿಸುತ್ತೇವೆಂದು ಜಾಹೀರಾತು ಕೊಟ್ಟವರಿದ್ದರು. ಆರು ತಿಂಗಳಲ್ಲಿ ನಾಲ್ಕು ತಂತ್ರಾಂಶಗಳ ಗುಂಡಿ ಒತ್ತುವುದನ್ನು ಕಲಿಯಬಹುದು. ಒತ್ತಿದ ಮೇಲೆ ಬಂದ ಉತ್ತರ ಸರಿಯೇ ತಪ್ಪೇ ಎಂದು ತಿಳಿಯಲು ವಿಷಯವೇ ಗೊತ್ತಿರಬೇಕು. ಕೃತಕ ಬುದ್ಧಿಮತ್ತೆಯ ಈ ಕಾಲಕ್ಕೂ ಅದೇ ಮಾತು. ಪ್ರೋಗ್ರಾಂ ಬರೆಯುವ ಕೆಲಸವನ್ನು ಯಂತ್ರ ಎಷ್ಟೇ ಹಗುರ ಮಾಡಿದರೂ, ರಾಗಿಯನ್ನು ಕುರಿತು ಯಾವ ಪ್ರಶ್ನೆ ಕೇಳಬೇಕು ಎಂಬುದನ್ನು ರಾಗಿ ಬಲ್ಲವರೇ ಹೇಳಬೇಕು.

ಇನ್ನು ಕೆಲಸದ ಕೊರತೆಯಂತೂ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ 2020ರಲ್ಲಿ ಆರಂಭವಾದ ಜೀನೋಮ್ ಇಂಡಿಯಾ ಯೋಜನೆ ನಮ್ಮ ದೇಶದ ಬೇರೆ ಬೇರೆ ಸಮುದಾಯಗಳ 10,000 ಜನರ ಜೀನೋಮ್ ಓದಿತು. 2025ರ ಜನವರಿಯಲ್ಲಿ ಆ ದತ್ತಾಂಶವನ್ನು ಸಂಶೋಧಕರಿಗೆ ತೆರೆದಿಡಲಾಯಿತು. ನಮ್ಮ ಜನರಲ್ಲಿ ಸಕ್ಕರೆ ಕಾಯಿಲೆ, ಹೃದ್ರೋಗಗಳು ಏಕೆ ಹೀಗೆ ಬರುತ್ತವೆ, ಯಾವ ಔಷಧ ಯಾರಿಗೆ ಒಗ್ಗುತ್ತದೆ ಎಂಬುದಕ್ಕೆ ಅದರೊಳಗೆ ಸುಳಿವುಗಳಿವೆ. ಬೆಂಗಳೂರಿನ ವಿಜ್ಞಾನಿಗಳು ಸೇರಿ 2018ರಲ್ಲಿ ಶ್ರೀಗಂಧದ ಜೀನೋಮ್ ಕೂಡ ಪ್ರಕಟಿಸಿದ್ದಾರೆ. ನಮ್ಮ ಅವರೆ, ಹಲಸು, ಹುಣಸೆಗಳ ತಳಿ ವೈವಿಧ್ಯವನ್ನೂ ಹೀಗೆಯೇ ಅಕ್ಷರ ಅಕ್ಷರವಾಗಿ ಓದಿ ನೋಡುವ ಕೆಲಸ ಬೇಕಾದಷ್ಟಿದೆ. ಓದಿದ್ದನ್ನು ಅರ್ಥ ಮಾಡಿಕೊಳ್ಳುವವರು ಬೇಕಾಗಿದ್ದಾರೆ.

ಇಂದಿನಿಂದಲೇ ಏನು ಮಾಡಬಹುದು?

ಹೈಸ್ಕೂಲಿನ ಮಕ್ಕಳು ಮೇಲೆ ಹೇಳಿದ ಗಾದೆಯ ಆಟವನ್ನು ತರಗತಿಯಲ್ಲಿ ಆಡಿ. ಇಬ್ಬರು ಎರಡು ಬೇರೆ ಗಾದೆ ಬರೆದು, ಮೂರು ಮೂರು ಪ್ರತಿ ಮಾಡಿ, ಬೇರೆ ಬೇರೆ ಕಡೆ ಕತ್ತರಿಸಿ ಒಂದೇ ಡಬ್ಬಿಯಲ್ಲಿ ಕಲಸಿ ಮೂರನೆಯವರಿಗೆ ಕೊಡಿ. ರಾಗಿ ಓದಿದವರ ಕಷ್ಟ ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಪಿ.ಯು.ಸಿ. ಓದುವವರು ಪೈಥಾನ್ ಎಂಬ ಸರಳ ಪ್ರೋಗ್ರಾಂ ಭಾಷೆ ಕಲಿಯಲು ಆರಂಭಿಸಿ. ಅದು ಉಚಿತ. ಮೊದಲ ಅಭ್ಯಾಸ ಇದು: ನೂರು ಅಕ್ಷರದ ಒಂದು ಡಿ.ಎನ್.ಎ. ಸಾಲಿನಲ್ಲಿ ಜಿ ಎಷ್ಟು, ಸಿ ಎಷ್ಟು ಎಂದು ಎಣಿಸುವ ಪ್ರೋಗ್ರಾಂ ಬರೆಯಿರಿ. ಅಮೆರಿಕದ ಜೆನ್‌ಬ್ಯಾಂಕ್ ಎಂಬ ಭಂಡಾರದಲ್ಲಿ ಸಾವಿರಾರು ಜೀವಿಗಳ ಅಕ್ಷರಮಾಲೆಗಳಿವೆ. ಯಾರು ಬೇಕಾದರೂ ಕಾಸು ಕೊಡದೆ ತೆಗೆದು ನೋಡಬಹುದು.

ಪದವಿ ಓದುವವರು ಬೆಂಗಳೂರಿನಲ್ಲಿರುವ ಭಾರತೀಯ ವಿಜ್ಞಾನ ಅಕಾಡೆಮಿಯು ಇತರ ಎರಡು ಅಕಾಡೆಮಿಗಳೊಡನೆ ನಡೆಸುವ ಬೇಸಿಗೆ ಸಂಶೋಧನಾ ಫೆಲೋಷಿಪ್‌ಗೆ ಅರ್ಜಿ ಹಾಕಿ. ಆಯ್ಕೆಯಾದರೆ ಎರಡು ತಿಂಗಳು ನಿಜವಾದ ಪ್ರಯೋಗಾಲಯದಲ್ಲಿ ವಿಜ್ಞಾನಿಯ ಪಕ್ಕದಲ್ಲಿ ಕೂತು ಕೆಲಸ ಮಾಡುವ ಅವಕಾಶ. ಈ ಹಾದಿ ನಿಮಗೆ ಒಗ್ಗುತ್ತದೆಯೋ ಇಲ್ಲವೋ ಎಂದು ಐದು ವರ್ಷ ಕಳೆದ ಮೇಲೆ ತಿಳಿಯುವುದಕ್ಕಿಂತ ಎರಡು ತಿಂಗಳಲ್ಲಿ ತಿಳಿಯುವುದು ಮೇಲು.

ತಂದೆತಾಯಿಯರಿಗೆ ಒಂದು ಕೆಲಸ. ನಿಮ್ಮ ಹೊಲದಲ್ಲಿ ಯಾವ ತಳಿ ಹಾಕುತ್ತೀರಿ, ಯಾವುದಕ್ಕೆ ಬೆಂಕಿ ರೋಗ ಬರುತ್ತದೆ, ಯಾವುದು ಬರದಲ್ಲೂ ತೆನೆ ಕಟ್ಟುತ್ತದೆ, ಯಾವುದರ ಮುದ್ದೆ ರುಚಿ ಎಂಬುದನ್ನು ಮಕ್ಕಳೊಡನೆ ಕೂತು ಮಾತಾಡಿ, ಅವರ ಕೈಯಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿಡಿ. ನಮ್ಮ ಸೀಮೆಯಲ್ಲಿ ಹೊಲಗಳು ಬಡಾವಣೆಗಳಾಗುತ್ತಿವೆ, ಆ ತಿಳಿವಳಿಕೆ ಹೊಲದ ಜೊತೆಗೇ ಹೋಗಿಬಿಡಬಾರದು. 85,243 ಜೀನ್‌ಗಳ ಪಟ್ಟಿ ಕೈಗೆ ಬಂದ ಮೇಲೂ, ಅವುಗಳಲ್ಲಿ ಯಾವುದು ಯಾವ ಗುಣಕ್ಕೆ ಕಾರಣ ಎಂದು ಹೇಳಲು ಕೊನೆಗೆ ಬೇಕಾಗುವುದು ಇಂಥ ನೋಟ್‌ಬುಕ್ಕುಗಳೇ.